ಆರ್‌ಎಸ್‌-485 ದತ್ತಾಂಶದಲ್ಲಿ ಫ್ರೇಮ್ ದೋಷ: ನನ್ನ ಅನುಭವ

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ನಿಯಂತ್ರಕವು ಮೋಟಾರ್ ಡ್ರೈವ್‌ಗೆ ಆರ್‌ಎಸ್‌-485 ಎಂಬ ಎರಡು ತಂತಿಗಳ ಸಂಪರ್ಕದ ಮೂಲಕ ಮಾಡ್‌ಬಸ್ (ಯಂತ್ರಗಳು ಮಾತಾಡುವ ಒಂದು ನಿಯಮಾವಳಿ) ಆದೇಶ ಕಳಿಸುತ್ತದೆ. ಅದನ್ನು ಓದಲು ಎಂಟು ಚಾನೆಲ್‌ಗಳ ಯುಎಸ್‌ಬಿ ಲಾಜಿಕ್ ಅನಲೈಜರ್ (ಡಿಜಿಟಲ್ ಸಂಕೇತಗಳನ್ನು ದಾಖಲಿಸುವ ಉಪಕರಣ) ಜೋಡಿಸಿದೆ. ಪಲ್ಸ್‌ವ್ಯೂ ತಂತ್ರಾಂಶದಲ್ಲಿ ಅಲೆ ಕಾಣುತ್ತಿತ್ತು, ಆದರೆ ಸುಮಾರು ಅರ್ಧದಷ್ಟು ಬೈಟ್‌ಗಳ ಮೇಲೆ ಫ್ರೇಮ್ ದೋಷ, ಅಂದರೆ ಬೈಟ್ ಮುಗಿಯಬೇಕಾದ ಕಡೆ ಸರಿಯಾದ ಸ್ಟಾಪ್ ಬಿಟ್ ಸಿಗದಿರುವುದು. ಮೋಟಾರ್ ಓಡಿದಾಗ ಸೂಜಿಯಂಥ ಮುಳ್ಳುಗಳೂ ಬರುತ್ತಿದ್ದವು.

ಕೇಬಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ, ಪ್ರಯೋಜನವಿಲ್ಲ. ಮಾದರಿ ವೇಗವನ್ನು (ಸೆಕೆಂಡಿಗೆ ಎಷ್ಟು ಸಲ ಸಂಕೇತ ಓದಬೇಕೆಂಬುದು) 24 ಮೆಗಾಹರ್ಟ್ಸ್‌ಗೆ ಏರಿಸಿದರೆ ಯುಎಸ್‌ಬಿ ಹಬ್ ತಾಳದೆ ದಾಖಲೆಯೇ ನಿಂತಿತು. ಅಲೆಯನ್ನು ಬೈಟ್‌ಗಳಾಗಿ ಓದುವ ಡಿಕೋಡರ್‌ನಲ್ಲಿ 4800, 19200 ಬಾಡ್ (ಸೆಕೆಂಡಿಗೆ ಬಿಟ್‌ಗಳು) ಇಟ್ಟು ನೋಡಿದೆ, ಎರಡೂ ತಪ್ಪು.

ಕೊನೆಗೆ ಊಹೆ ಬಿಟ್ಟು ಅಳೆದೆ. ಅತಿ ಕಿರಿದಾದ ಪಲ್ಸ್ 104 ಮೈಕ್ರೋಸೆಕೆಂಡ್, ಅಂದರೆ 9600 ಬಾಡ್. ಬಾಡ್ ಸರಿಯಿದ್ದರೆ ಉಳಿದದ್ದು ಪ್ಯಾರಿಟಿ, ಅಂದರೆ ದೋಷ ಪತ್ತೆಗೆಂದು ಸ್ಟಾಪ್ ಬಿಟ್‌ಗೆ ಮೊದಲು ಸೇರಿಸುವ ಬಿಟ್. ಮಾಡ್‌ಬಸ್ ಆರ್‌ಟಿಯುವಿನ (ಮಾಡ್‌ಬಸ್‌ನ ಬೈನರಿ ರೂಪ) ಮೂಲ ನಿಯಮ ಸಮ ಪ್ಯಾರಿಟಿ. ಡಿಕೋಡರ್‌ನಲ್ಲಿ ಮಾತ್ರ 'ಇಲ್ಲ' ಎಂದಿತ್ತು. ಹಾಗಾಗಿ ಪ್ಯಾರಿಟಿ ಬಿಟ್ ಸೊನ್ನೆಯಾದಾಗಲೆಲ್ಲ ಅದನ್ನು ಕೆಟ್ಟ ಸ್ಟಾಪ್ ಬಿಟ್ ಎಂದು ಓದುತ್ತಿತ್ತು.

ಕ್ರಮ ಹೀಗಿರಲಿ. ಲ್ಯಾಪ್‌ಟಾಪ್‌ನ ಚಾರ್ಜರ್ ಕಳಚಿ. ನಿಯಂತ್ರಕದ ಕಡೆಯ ಮ್ಯಾಕ್ಸ್‌485 ಚಿಪ್‌ನ (ಆರ್‌ಎಸ್‌-485 ಸಂಕೇತವನ್ನು ಸಾಮಾನ್ಯ ಡಿಜಿಟಲ್ ಸಂಕೇತವಾಗಿಸುವ ಚಿಪ್) 5ನೇ ಪಿನ್‌ಗೇ ಗ್ರೌಂಡ್ ತಂತಿ ಹಾಕಿ; ನಾನು ಮೊದಲು ದೂರದ ಲೋಹದ ಪೆಟ್ಟಿಗೆಗೆ ಹಾಕಿದ್ದೆ, ಮುಳ್ಳುಗಳ ಮೂಲ ಅದೇ. ಚಾನೆಲ್ 0 ಅನ್ನು 1ನೇ ಪಿನ್‌ಗೆ (ಬಂದ ದತ್ತಾಂಶ), ಚಾನೆಲ್ 1 ಅನ್ನು 4ನೇ ಪಿನ್‌ಗೆ (ಕಳಿಸುವ ದತ್ತಾಂಶ) ಜೋಡಿಸಿ. ಆರ್‌ಎಸ್‌-485ರ ಎ, ಬಿ ತಂತಿಗಳಿಗೆ ಎಂದಿಗೂ ನೇರವಾಗಿ ಜೋಡಿಸಬೇಡಿ: ಅಲ್ಲಿ −7ರಿಂದ +12 ವೋಲ್ಟ್ ಇರಬಹುದು.

ಮಾದರಿ ವೇಗ 1 ಮೆಗಾಹರ್ಟ್ಸ್ ಸಾಕು. ಯುಎಆರ್‌ಟಿ (ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಸರಣಿ ಸಂವಹನ) ಡಿಕೋಡರ್‌ನಲ್ಲಿ 9600 ಬಾಡ್, 8 ಬಿಟ್, ಸಮ ಪ್ಯಾರಿಟಿ, 1 ಸ್ಟಾಪ್ ಬಿಟ್. ಅದರ ಮೇಲೆ ಮಾಡ್‌ಬಸ್ ಡಿಕೋಡರ್ ಸೇರಿಸಿದೊಡನೆ 03 (ರಿಜಿಸ್ಟರ್ ಓದುವ) ಆದೇಶವೂ ಡ್ರೈವ್‌ನ ಉತ್ತರವೂ ದೋಷವಿಲ್ಲದೆ ಕಂಡವು.