ಬೀದಿಬೆಕ್ಕುಗಳನ್ನು ಗಾಯವಾಗದಂತೆ ಹಿಡಿಯಲು ಬೋನು ಮತ್ತು ಸಲಕರಣೆಗಳ ಆಯ್ಕೆ

ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ, ಗೋದಾಮುಗಳಲ್ಲಿ ಇಲಿಯ ಕಾಟ ಇರುವವರೆಗೂ ಬೆಕ್ಕುಗಳು ಇದ್ದೇ ಇರುತ್ತವೆ. ಹೆಣ್ಣು ಬೆಕ್ಕು ಐದಾರು ತಿಂಗಳ ಪ್ರಾಯದಲ್ಲೇ ಬೆದೆಗೆ ಬರಬಲ್ಲದು, ಸುಮಾರು 65 ದಿನಗಳಲ್ಲಿ ಮರಿ ಹಾಕುತ್ತದೆ ಮತ್ತು ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ಧರಿಸಬಹುದು. ಆದ್ದರಿಂದ ಒಂದೇ ಜೋಡಿ ಇದ್ದ ಗೋದಾಮು ಬೆಕ್ಕುಗಳಿಂದ ತುಂಬಿಹೋಗಲು ಬಹಳ ಕಾಲ ಬೇಕಾಗುವುದಿಲ್ಲ. ಹಿಡಿದು ದೂರ ಬಿಟ್ಟುಬಂದರೆ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕುಗಳು ಬರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು ಬಾಳಿಕೆಯ ದಾರಿ. ಅದಕ್ಕೆ ಮೊದಲು ಬೇಕಾದದ್ದು ಒಳ್ಳೆಯ ಬೋನು.

ಬೆಕ್ಕು ಬೋನಿನೊಳಗೆ ಬೀಳುವುದು ಕೆಲಸದ ಸುಲಭದ ಭಾಗ. ಮನುಷ್ಯರಿಗೆ ಒಗ್ಗದ ಬೆಕ್ಕನ್ನು ಯಾರೂ ಕೈಯಿಂದ ಮುಟ್ಟದೆ ಅರಿವಳಿಕೆಯ ಚುಚ್ಚುಮದ್ದಿನವರೆಗೆ ಒಯ್ಯುವುದು ಕಷ್ಟದ ಭಾಗ, ಮತ್ತು ಬೋನನ್ನು ಆರಿಸುವಾಗ ಈ ಎರಡನೆಯ ಭಾಗವನ್ನೇ ಕಣ್ಣಮುಂದೆ ಇಟ್ಟುಕೊಳ್ಳಬೇಕು. ಹಾಗಾಗಿ ಬೋನು ಕೊಳ್ಳುವ ಮೊದಲೇ ಪಶುವೈದ್ಯರೊಡನೆ ಮಾತನಾಡಿ, ಪಳಗದ ಬೆಕ್ಕನ್ನು ಅವರು ಸ್ವೀಕರಿಸುವರೇ, ಎಂತಹ ಬೋನಿನಲ್ಲಿ ತಂದರೆ ಅವರಿಗೆ ಅನುಕೂಲ ಎಂದು ಕೇಳಿಕೊಳ್ಳಬೇಕು. ಬೀದರ್ ಕಡೆಯವರು ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲೂ ಮುಂಚಿತವಾಗಿ ವಿಚಾರಿಸಬಹುದು.

ಹೆಚ್ಚಿನ ಸಂದರ್ಭಗಳಲ್ಲಿ ಸಾಕಾಗುವುದು ಉದ್ದನೆಯ ಪೆಟ್ಟಿಗೆ ಬೋನು. ಇದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು, ಆದರೆ ಅಳತೆಯನ್ನು ಕಾಗದದ ಮೇಲೆ ಬರೆದು ಕೊಡದಿದ್ದರೆ ದೊರೆಯುವುದು ಒಂದು ದೊಡ್ಡ ಇಲಿಬೋನು ಮಾತ್ರ. ಉದ್ದ 32ರಿಂದ 36 ಇಂಚು, ಅಗಲ 10ರಿಂದ 12 ಇಂಚು, ಎತ್ತರ 12ರಿಂದ 14 ಇಂಚು ಇರಲಿ. ಉದ್ದ ಕಡಿಮೆಯಾದರೆ ದೊಡ್ಡ ಗಂಡು ಬೆಕ್ಕಿನ ಬಾಲದ ಮೇಲೆ ಬಾಗಿಲು ಬೀಳುತ್ತದೆ. ಜಾಲರಿಯ ಕಣ್ಣು ಒಂದು ಇಂಚು ಉದ್ದ, ಅರ್ಧ ಇಂಚು ಅಗಲವಿದ್ದರೆ ಉತ್ತಮ. ಕಣ್ಣು ದೊಡ್ಡದಾದಷ್ಟೂ ಗಾಬರಿಗೊಂಡ ಬೆಕ್ಕು ಮೂತಿ ತುರುಕಿ ಮೂಗು ತರಚಿಕೊಳ್ಳುತ್ತದೆ, ಹೊರಚಾಚಿದ ಪಂಜದಿಂದ ಹೊತ್ತವರ ಕೈಯನ್ನೂ ಪರಚುತ್ತದೆ. ಕತ್ತರಿಸಿದ ತಂತಿಯ ತುದಿಗಳು ಒಳಮುಖವಾಗಿ ಉಳಿಯದಂತೆ ಉಜ್ಜಿಸಬೇಕು. ತಯಾರಾದ ಬೋನಿನೊಳಗೆಲ್ಲ ಒಂದು ಹತ್ತಿಬಟ್ಟೆಯನ್ನು ಆಡಿಸಿ ನೋಡಿ. ಬಟ್ಟೆ ಸಿಕ್ಕಿಕೊಂಡಲ್ಲಿ ಬೆಕ್ಕಿನ ಚರ್ಮವೂ ಸಿಗುತ್ತದೆ.

ಕೊಕ್ಕೆಗೆ ತಿಂಡಿ ಚುಚ್ಚುವ ಇಲಿಬೋನಿನ ಪದ್ಧತಿ ಬೆಕ್ಕಿಗೆ ಸರಿಹೊಂದುವುದಿಲ್ಲ, ಏಕೆಂದರೆ ಅದು ಕತ್ತು ಚಾಚಿ ತಿಂಡಿ ಕಿತ್ತುಕೊಂಡು ಹಿಂದೆ ಸರಿಯುತ್ತದೆ. ನೆಲದಲ್ಲಿ, ಬೋನಿನ ಹಿಂಭಾಗದ ಮೂರನೇ ಒಂದು ಪಾಲಿನಲ್ಲಿ, ತುಳಿದಾಗ ಬಾಗಿಲು ಬೀಳಿಸುವ ಹಲಗೆ ಇರಬೇಕು. ಅರ್ಧ ಕಿಲೋ ತೊಗರಿಬೇಳೆಯ ಪೊಟ್ಟಣ ಇಟ್ಟಾಗ ಹಲಗೆ ಕೆಲಸ ಮಾಡಿದರೆ ಬಿಗಿ ಸರಿಯಾಗಿದೆ ಎಂದರ್ಥ. ಬಾಗಿಲು ಬಿದ್ದ ಮೇಲೆ ತಾನಾಗಿ ಚಿಲಕ ಹಾಕಿಕೊಳ್ಳಬೇಕು ಮತ್ತು ಬೋನನ್ನು ತಲೆಕೆಳಗು ಮಾಡಿದರೂ ತೆರೆಯಬಾರದು. ಕೆಳಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದರೆ ಪೆಟ್ಟೂ ಸದ್ದೂ ಕಡಿಮೆಯಾಗುತ್ತವೆ.

ಹಣ ಉಳಿಸಲು ಹೆಚ್ಚಿನವರು ಬಿಟ್ಟುಬಿಡುವುದು ಹಿಂಬಾಗಿಲನ್ನು, ಮತ್ತು ನನ್ನ ಅಭಿಪ್ರಾಯದಲ್ಲಿ ಅದಿಲ್ಲದ ಬೋನು ಎಷ್ಟೇ ಅಗ್ಗವಾದರೂ ಕೊಳ್ಳತಕ್ಕದ್ದಲ್ಲ. ಮೇಲಕ್ಕೆ ಎಳೆಯುವ ಹಿಂಬಾಗಿಲಿದ್ದರೆ ತಿಂಡಿ ಇಡುವುದು, ಮತ್ತೊಂದು ಪಂಜರವನ್ನು ಬಾಯಿಗೆ ಬಾಯಿ ಹೊಂದಿಸಿ ಬೆಕ್ಕನ್ನು ದಾಟಿಸುವುದು, ಕೊನೆಗೆ ಬಿಡುಗಡೆ ಮಾಡುವುದು ಎಲ್ಲವೂ ಕೈ ಒಳಗೆ ಹೋಗದೆ ನಡೆಯುತ್ತವೆ. ಇದರ ಜೊತೆಗೆ, ಬಾಚಣಿಗೆಯಂತೆ ಉದ್ದ ಹಲ್ಲುಗಳಿರುವ ಎರಡು ಕಬ್ಬಿಣದ ತಡೆಗಳನ್ನೂ ಮಾಡಿಸಿಕೊಳ್ಳಬೇಕು. ಇವನ್ನು ಜಾಲರಿಯ ಮೂಲಕ ಮೇಲಿನಿಂದ ಇಳಿಸಿ ಬೆಕ್ಕನ್ನು ನಿಧಾನವಾಗಿ ಒಂದು ತುದಿಗೆ ಸರಿಸಿದರೆ ವೈದ್ಯರು ಹೊರಗಿನಿಂದಲೇ ಚುಚ್ಚುಮದ್ದು ಕೊಡಬಲ್ಲರು.

ಒಮ್ಮೆ ಬೋನಿಗೆ ಬಿದ್ದು ಎಚ್ಚೆತ್ತ ಬೆಕ್ಕು, ತಾಯಿಯೊಡನೆ ತಿರುಗುವ ಮರಿಗಳು ಇಂತಹವಕ್ಕೆ ಕವುಚು ಬೋನು ಬೇಕಾಗುತ್ತದೆ. ಸುಮಾರು ಮೂರು ಅಡಿ ಚೌಕದ, ಒಂದು ಅಡಿ ಎತ್ತರದ, ತಳವಿಲ್ಲದ ಹಗುರ ಚೌಕಟ್ಟನ್ನು ಕೋಲಿನ ಮೇಲೆ ನಿಲ್ಲಿಸಿ, ಕೋಲಿಗೆ ಕಟ್ಟಿದ ಹಗ್ಗವನ್ನು ದೂರದಲ್ಲಿ ಕುಳಿತು ಎಳೆಯುವ ಪದ್ಧತಿ ಇದು. ಬೇಕಾದ ಬೆಕ್ಕು ಪೂರ್ತಿ ಒಳಗೆ ಬಂದಾಗ ಮಾತ್ರ ಎಳೆಯಬಹುದೆಂಬುದು ಇದರ ಲಾಭ. ಬಿದ್ದ ಕೂಡಲೇ ಚಾದರ ಮುಚ್ಚಿ, ಚೌಕಟ್ಟಿನ ಪಕ್ಕದ ಕಿಂಡಿಯಿಂದ ಪಂಜರಕ್ಕೆ ದಾಟಿಸಬೇಕು. ನೆಲ ಏರುಪೇರಾಗಿದ್ದರೆ ಸಂದಿಯಲ್ಲಿ ನುಸುಳುವುದರಿಂದ ಸಮತಟ್ಟಾದ ಪರಸಿ ಹಾಸಿನ ಅಂಗಳವೇ ಒಳ್ಳೆಯದು.

ಕತ್ತಿಗೆ ಬಿಗಿಯುವ ಕುಣಿಕೆ, ಕಾಲು ಕಚ್ಚುವ ಬೋನು, ಅಂಟು ಹಲಗೆ ಇವುಗಳನ್ನು ಬೆಕ್ಕಿಗೆ ಎಂದೂ ಬಳಸಬಾರದು. ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಗೋಣಿಚೀಲದಲ್ಲಿ ತುಂಬುವ ರೂಢಿಯಲ್ಲಿ ಬೆಕ್ಕು ಉಸಿರುಕಟ್ಟುತ್ತದೆ, ಹಿಡಿದವರಿಗೆ ಗೋಣಿಯ ಮೂಲಕವೇ ಕಚ್ಚುತ್ತದೆ.

ನಮ್ಮ ಭಾಗದಲ್ಲಿ ಬೋನಿನಷ್ಟೇ ಮುಖ್ಯವಾದ ಸಲಕರಣೆ ದಪ್ಪ ಹತ್ತಿಯ ಚಾದರ. ಕತ್ತಲಾದರೆ ಬೆಕ್ಕು ಒದ್ದಾಟ ನಿಲ್ಲಿಸುತ್ತದೆ. ಮೂರು ಬದಿ ಮುಚ್ಚಿ ಒಂದು ಬದಿಯನ್ನು ಗಾಳಿಗೆ ಬಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಕಬ್ಬಿಣದ ಬೋನನ್ನು ಹಗಲಿನಲ್ಲಿ ಬಯಲಿಗೆ ಇಡುವುದೆಂದರೆ ಪ್ರಾಣಿಯನ್ನು ಕೊಂದಂತೆ. ನಸುಕಿನಲ್ಲಿ ಅಥವಾ ಸಂಜೆಯ ಮೇಲೆ ನೆರಳಲ್ಲೇ ಇಟ್ಟು, ಕಣ್ಣಳತೆಯಲ್ಲಿ ಕಾಯಬೇಕು. ತಳಕ್ಕೆ ಹಳೆಯ ಪತ್ರಿಕೆ ಹಾಸಿದರೆ ಜಾಲರಿ ಪಾದಕ್ಕೆ ಒತ್ತುವುದಿಲ್ಲ.

ತಿಂಡಿಗೆ ಹಾಲಿಗಿಂತ ವಾಸನೆಯ ಒಣಮೀನು ಅಥವಾ ಬೇಯಿಸಿದ ಕೋಳಿ ಕಲೀಜಿ ಮೇಲು, ಅದೂ ಸ್ವಲ್ಪವೇ. ಕೆಲವು ದಿನ ಬಾಗಿಲನ್ನು ತಂತಿಯಿಂದ ಎತ್ತಿ ಕಟ್ಟಿ ಒಳಗೇ ಊಟ ಹಾಕಿ ರೂಢಿ ಮಾಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಕೈಗೆ ವೆಲ್ಡಿಂಗ್ ಮಾಡುವವರ ಚರ್ಮದ ಗ್ಲೌಸ್ ಇರಲಿ, ಆದರೆ ಅದನ್ನು ನಂಬಿ ಬೆಕ್ಕನ್ನು ಹಿಡಿಯಬಾರದು. ಹಲ್ಲು ಅದನ್ನೂ ತೂರುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು.

ಊರಂಚಿನ ಹೊಲಗಳ ಬಳಿ ಮುಂಗುಸಿ, ಪುನುಗು ಬೆಕ್ಕು, ಕಾಡುಬೆಕ್ಕು ಬೋನಿಗೆ ಬೀಳುವುದುಂಟು. ಉದ್ದ ಕಾಲು, ತುದಿಯಲ್ಲಿ ಕಪ್ಪು ಪಟ್ಟೆಯಿರುವ ಗಿಡ್ಡ ಬಾಲ, ಮರಳಿನ ಬಣ್ಣದ ಮೈ ಕಂಡರೆ ಅದು ಕಾಡುಬೆಕ್ಕು. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅಲ್ಲೇ ಬಾಗಿಲು ತೆರೆಯಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಎಡಕಿವಿಯ ತುದಿಯನ್ನು ನೇರವಾಗಿ ಕತ್ತರಿಸಿದ ಗುರುತಿದ್ದ ಬೆಕ್ಕಿಗೆ ಶಸ್ತ್ರಚಿಕಿತ್ಸೆ ಈಗಾಗಲೇ ಆಗಿರುವ ಸಾಧ್ಯತೆಯೇ ಹೆಚ್ಚು.

ಬಳಸಿದ ಬೋನನ್ನು ಫಿನಾಯಿಲ್‌ನಿಂದ ತೊಳೆಯಬೇಡಿ, ಅದು ಬೆಕ್ಕುಗಳಿಗೆ ವಿಷ. ಮೊದಲು ಹೊಲಸನ್ನು ಉಜ್ಜಿ ತೆಗೆದು, ಒಂದು ಪಾಲು ಬ್ಲೀಚ್‌ಗೆ ಸುಮಾರು 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ನೀರು ಹಾಕಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಗೋದಾಮಿನಲ್ಲಿ ಎತ್ತಿಡುವಾಗ ಬಾಗಿಲನ್ನು ಮುಚ್ಚಿ ತಂತಿಯಿಂದ ಕಟ್ಟಿಡಿ. ತೆರೆದಿಟ್ಟ ಬೋನಿನೊಳಗೆ ಯಾರಿಗೂ ತಿಳಿಯದಂತೆ ಬೆಕ್ಕು ಸಿಕ್ಕಿಬಿದ್ದು ಸಾಯಬಹುದು.