ಶಿವಮೊಗ್ಗಕ್ಕೆ ಬರುವವರು ದಿನಕ್ಕೊಂದು ರಸ್ತೆ ಹಿಡಿಯಬೇಕು

ಶಿವಮೊಗ್ಗ ನೋಡಲು ಹೊರಡುವವರಲ್ಲಿ ಹೆಚ್ಚಿನವರು ಜೋಗ, ಆಗುಂಬೆ, ಸಕ್ರೆಬೈಲು, ಸಿಗಂದೂರು ಎಂದು ಹೆಸರುಗಳನ್ನು ಬರೆದುಕೊಂಡು, ಅಷ್ಟನ್ನೂ ಶನಿವಾರ ಮತ್ತು ಭಾನುವಾರಗಳ ನಡುವೆ ಮುಗಿಸಲು ಯೋಚಿಸುತ್ತಾರೆ. ನಕ್ಷೆಯಲ್ಲಿ ಒಂದರ ಪಕ್ಕ ಒಂದರಂತೆ ಕಾಣುವ ಈ ಸ್ಥಳಗಳು ಬೇರೆ ಬೇರೆ ರಸ್ತೆಗಳ ಮೇಲಿವೆ. ಜೋಗ, ಸಿಗಂದೂರು ಸಾಗರದ ಕಡೆಗೆ. ಸಕ್ರೆಬೈಲು, ಆಗುಂಬೆ ತೀರ್ಥಹಳ್ಳಿಯ ಕಡೆಗೆ. ಎರಡು ಕಡೆಗಳನ್ನೂ ಜೋಡಿಸುವ ಒಳದಾರಿಗಳು ಇವೆಯಾದರೂ, ಅವುಗಳ ತಿರುವುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಕಿಲೋಮೀಟರ್ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಸ್ಥಳಗಳ ಬದಲು ರಸ್ತೆಗಳನ್ನು ಎಣಿಸಿ, ಒಂದು ರಸ್ತೆಗೆ ಒಂದು ದಿನವನ್ನು ಮೀಸಲಿಡುವುದು ಸರಿಯಾದ ಕ್ರಮ.

ಬೆಂಗಳೂರಿನಿಂದ ಶಿವಮೊಗ್ಗ ಸುಮಾರು 300 ಕಿಲೋಮೀಟರ್. ಬಸ್ಸಿಗಿಂತ ರೈಲು ಸುಖಕರ. ಮೈಸೂರು–ತಾಳಗುಪ್ಪ ರೈಲು ರಾತ್ರಿ ಬೆಂಗಳೂರಿನಿಂದ ಹೊರಟು ಬೆಳಗಿನ ಜಾವ ಶಿವಮೊಗ್ಗ ಮುಟ್ಟಿ, ಅಲ್ಲಿಂದ ಮುಂದೆ ಸಾಗರದ ಮೂಲಕ ತಾಳಗುಪ್ಪದವರೆಗೂ ಹೋಗುತ್ತದೆ. ಜೋಗವನ್ನು ಮಾತ್ರ ನೋಡಬೇಕೆನ್ನುವವರು ಶಿವಮೊಗ್ಗದಲ್ಲಿ ಇಳಿಯದೆ ನೇರವಾಗಿ ಸಾಗರಕ್ಕೋ ತಾಳಗುಪ್ಪಕ್ಕೋ ಹೋಗುವುದೇ ಜಾಣತನ. ಶಿವಮೊಗ್ಗದಲ್ಲಿ ಕೋಣೆ ಹಿಡಿದು, ನೂರು ಕಿಲೋಮೀಟರ್ ಹೋಗಿ, ಮತ್ತೆ ನೂರು ಕಿಲೋಮೀಟರ್ ಹಿಂದಿರುಗುವ ಕಷ್ಟವನ್ನು ಜನ ಏಕೆ ಪಡುತ್ತಾರೋ ತಿಳಿಯದು. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿದೆ. ಆದರೆ ಮಳೆಗಾಲದ ಮೋಡ ಮುಸುಕಿದಾಗ ವಿಮಾನ ರದ್ದಾಗುವುದುಂಟಾದ್ದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೊಂದನ್ನೇ ನಂಬಿಕೊಂಡು ಮರುಪ್ರಯಾಣವನ್ನು ನಿಗದಿ ಮಾಡಿಕೊಳ್ಳಬಾರದು.

ಯಾವ ತಿಂಗಳಲ್ಲಿ ಬರಬೇಕೆಂಬುದನ್ನು ಜೋಗವೇ ತೀರ್ಮಾನಿಸುತ್ತದೆ ಎನ್ನಬಹುದು. 253 ಮೀಟರ್ ಎತ್ತರದಿಂದ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳಾಗಿ ಬೀಳುವ ಶರಾವತಿಗೆ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಅಡ್ಡವಾಗಿದೆ. ಹೀಗಾಗಿ ಬೇಸಿಗೆಯಲ್ಲಿ ಬಂದವರಿಗೆ ಬಂಡೆಯ ಮೇಲೆ ನೀರಿನ ಎಳೆಗಳಷ್ಟೇ ಕಾಣುತ್ತವೆ. ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗಿನ ಕಾಡಿನಲ್ಲಿ ಬಿದ್ದ ಮಳೆಯಿಂದಲೇ ಜಲಪಾತ ಮೈದುಂಬುತ್ತದೆಯಾದರೂ, ಜುಲೈ ತಿಂಗಳಿನಲ್ಲಿ ಮಂಜು ಕಣಿವೆಯನ್ನು ಪೂರ್ತಿಯಾಗಿ ಮುಚ್ಚಿ, ಅರ್ಧ ಗಂಟೆ ಕಾದರೂ ಸದ್ದು ಮಾತ್ರ ಕೇಳಿಬರುವ ದಿನಗಳು ಸಾಕಷ್ಟಿರುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ಅವಧಿ ಇವೆರಡಕ್ಕಿಂತ ಮೇಲು. ಇಲ್ಲಿಯವರು ಅನುಸರಿಸುವ ಉಪಾಯವೊಂದಿದೆ: ಮಳೆಗಾಲದಲ್ಲಿ ಪತ್ರಿಕೆಗಳು ಪ್ರಕಟಿಸುವ ಜಲಾಶಯಗಳ ಮಟ್ಟವನ್ನು ಗಮನಿಸುತ್ತಿದ್ದು, ಲಿಂಗನಮಕ್ಕಿ ತನ್ನ ಗರಿಷ್ಠ ಮಟ್ಟವಾದ 1,819 ಅಡಿಗೆ ಸಮೀಪಿಸಿ ಗೇಟು ತೆರೆಯುವ ಸುದ್ದಿ ಬಂದ ಕೂಡಲೇ ಹೊರಡುವುದು. ಎಲ್ಲ ವರ್ಷವೂ ಆ ಭಾಗ್ಯ ಇರುವುದಿಲ್ಲ. ಅಂತಹ ವಾರಗಳಲ್ಲಿ ಜನಸಂದಣಿಯೂ ವಿಪರೀತವಾಗಿರುವುದರಿಂದ ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದು ಕ್ಷೇಮ.

ಸಾಗರದ ರಸ್ತೆಗೆ ಮೀಸಲಿಟ್ಟ ದಿನ ಜೋಗದ ಜೊತೆಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೂ ಕೆಳದಿಯ ರಾಮೇಶ್ವರ ದೇವಾಲಯವನ್ನೂ ಸೇರಿಸಿಕೊಳ್ಳಬಹುದು. ಎರಡೂ ಸಾಗರದಿಂದ ಹತ್ತು ಕಿಲೋಮೀಟರ್ ಒಳಗೇ ಇವೆ. ಸಿಗಂದೂರಿಗೆ ಹೋಗುವವರು ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಸಾಲುಗಟ್ಟಿ ಕಾಯಬೇಕಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿದೆ. ಲಾಂಚಿನ ಕೊನೆಯ ಸರದಿಯ ಹೊತ್ತನ್ನು ಲೆಕ್ಕ ಹಾಕುವ ಹಳೆಯ ಸಲಹೆಗಳನ್ನು ಇನ್ನು ಮರೆಯಬಹುದು. ದಾರಿಯಲ್ಲೇ ಸಿಗುವ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮಕ್ಕೆ ಮಂಗಳವಾರ ರಜೆ ಇರುತ್ತದೆ.

ತೀರ್ಥಹಳ್ಳಿಯ ರಸ್ತೆಯಲ್ಲಿ ಬೆಳಗಿನ ಹೊತ್ತಿಗೆ ಬೆಲೆ ಹೆಚ್ಚು. ಹದಿನಾಲ್ಕು ಕಿಲೋಮೀಟರ್ ದೂರದ ಸಕ್ರೆಬೈಲು ಬಿಡಾರದಲ್ಲಿ ಆನೆಗಳನ್ನು ತುಂಗೆಯ ಹಿನ್ನೀರಿನಲ್ಲಿ ಮೀಯಿಸುವುದು ಬೆಳಗ್ಗೆಯೇ. ಹನ್ನೊಂದರ ನಂತರ ಹೋದವರಿಗೆ ಆನೆಗಳು ಕಾಡಿಗೆ ಮರಳಿ ಬರಿಯ ಬಿಡಾರ ಕಾಣುತ್ತದೆ. ಆದುದರಿಂದ ತಿಂಡಿಯನ್ನು ಮುಂದಕ್ಕೆ ಹಾಕಿಯಾದರೂ ಮೊದಲು ಅಲ್ಲಿಗೆ ಹೋಗಬೇಕು. ಮುಂದೆ ಮಂಡಗದ್ದೆಯಲ್ಲಿ, ಮಳೆಗಾಲವಾಗಿದ್ದರೆ, ನದಿಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿ, ನೀರುಕಾಗೆಗಳನ್ನು ರಸ್ತೆಬದಿಯಿಂದಲೇ ನೋಡಬಹುದು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ತಿರುಗಿದರೆ ಕುವೆಂಪು ಅವರ ಕುಪ್ಪಳಿ ಮನೆ ಮತ್ತು ಕವಿಶೈಲ ಸಿಗುತ್ತವೆ. ಇಲ್ಲಿ ಗಡಿಬಿಡಿ ಮಾಡದೆ ಮಧ್ಯಾಹ್ನವನ್ನು ಪೂರ್ತಿಯಾಗಿ ಕಳೆಯಬೇಕೆಂಬುದು ನನ್ನ ಅಭಿಪ್ರಾಯ. ಆಗುಂಬೆಯ ಸೂರ್ಯಾಸ್ತಕ್ಕೆ ನವೆಂಬರ್‌ನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಅಲ್ಲಿ ಸೂರ್ಯನನ್ನು ಹುಡುಕುವುದು ವ್ಯರ್ಥ. ಘಾಟಿಯ ಕಡಿದಾದ ತಿರುವುಗಳಲ್ಲಿ ದೊಡ್ಡ ವಾಹನಗಳಿಗೆ ನಿರ್ಬಂಧವಿರುವುದರಿಂದ, ಬಸ್ಸು ಮಾಡಿಕೊಂಡು ಗುಂಪಾಗಿ ಬರುವವರು ಉಡುಪಿಯ ಕಡೆಗೆ ಅಲ್ಲಿಂದಲೇ ಇಳಿಯುವ ಯೋಜನೆ ಹಾಕಿಕೊಳ್ಳಬಾರದು.

ನಗರಕ್ಕೆ ಅರ್ಧ ದಿನ ಸಾಕು. ಶಿವಪ್ಪನಾಯಕ ಅರಮನೆಯ ಅಂಗಳದಲ್ಲಿರುವ ವೀರಗಲ್ಲು, ಶಾಸನಗಳನ್ನು ನೋಡಿ, ತುಂಗೆ ಮತ್ತು ಭದ್ರೆ ಕೂಡುವ ಕೂಡ್ಲಿಗೆ ಸಂಜೆಯ ಹೊತ್ತಿಗೆ ಹೋಗಿಬರಬಹುದು.

ಸ್ವಂತ ವಾಹನವಿಲ್ಲದವರು ತಿಳಿದಿರಬೇಕಾದ ಸಂಗತಿಯೆಂದರೆ, ಮಲೆನಾಡಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಹೆಚ್ಚಿನ ಓಡಾಟ. ಸರ್ಕಾರದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ಇರುವುದಿಲ್ಲವಾದ್ದರಿಂದ ಮಹಿಳೆಯರೂ ಚಿಲ್ಲರೆ ಇಟ್ಟುಕೊಂಡಿರಬೇಕು. ಊರು ಮುಟ್ಟಿದ ಕೂಡಲೇ ಕಂಡಕ್ಟರನ್ನೇ ಹಿಂದಿರುಗುವ ಕೊನೆಯ ಬಸ್ಸಿನ ಸಮಯ ಕೇಳಿಕೊಳ್ಳಬೇಕು. ಕಾಡಿನ ನಡುವೆ ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳಲ್ಲಿ ಆ ಮಾತೇ ಆಧಾರ.

ಮಳೆಗಾಲದಲ್ಲಿ ಹುಲ್ಲು, ತರಗೆಲೆಗಳ ಮೇಲೆ ನಡೆಯುವವರ ಕಾಲಿಗೆ ಇಂಬಳ ಹತ್ತುವುದು ಖಚಿತ. ಅದನ್ನು ಎಳೆದು ಕೀಳದೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ, ಅಪಾಯವೇನೂ ಇಲ್ಲ. ನಿಜವಾಗಿ ಎಚ್ಚರ ಬೇಕಾದುದು ಡಿಸೆಂಬರ್‌ನಿಂದ ಮೇವರೆಗಿನ ಒಣ ದಿನಗಳಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಆ ತಿಂಗಳುಗಳಲ್ಲಿ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಮಂಗ ಸತ್ತ ಸುದ್ದಿಯಿರುವ ಕಡೆ ಕಾಡಿಗೆ ಇಳಿಯಬಾರದು. ಬೇರೆಡೆ ಹೋಗುವವರೂ ಮೈ ತುಂಬ ಬಟ್ಟೆ ತೊಟ್ಟು, ಹಿಂದಿರುಗಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನು ತೊಳೆಯಬೇಕು. ಊರಿಗೆ ಮರಳಿದ ನಂತರ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು.