ಪತ್ತನಾಜೆಯಿಂದ ಎಣಿಸಿದ ದಿನಗಳು

ಕಾಸರಗೋಡಿನ ಗಡಿಭಾಗದ ನಮ್ಮ ಪಂಚಾಯತಿನಲ್ಲಿ ಹೆಪಟೈಟಿಸ್ ಎ ಕಾಮಾಲೆ ಹಬ್ಬಿದ ಮಳೆಗಾಲದಲ್ಲಿ ನಾನು ಎಳೆದ ಮೊದಲ ಎಪಿಡೆಮಿಕ್ ಕರ್ವ್, ಅಂದರೆ ಯಾವ ದಿನ ಎಷ್ಟು ಮಂದಿಗೆ ರೋಗ ಶುರುವಾಯಿತೆಂದು ತೋರಿಸುವ ಕಂಬನಕ್ಷೆ, ನೋಡಿದರೆ, ವೈರಸ್ಸಿಗೆ ತಿಂಗಳ 1 ಮತ್ತು 15ನೆಯ ತಾರೀಕುಗಳ ಮೇಲೆ ವಿಶೇಷ ಮಮತೆ ಇರುವಂತೆ ಕಾಣುತ್ತಿತ್ತು. 47 ರೋಗಿಗಳಲ್ಲಿ 20ರಷ್ಟು ಮಂದಿ ಆ ಎರಡು ಕಂಬಗಳಲ್ಲೇ ಕೂಡಿಕೊಂಡಿದ್ದರು. ‘ಒಂದು ಹದಿನೈದು ದಿವಸ ಆಯಿತು ಡಾಕ್ಟ್ರೇ’ ಎಂಬ ಉತ್ತರವನ್ನು ತಾರೀಕಾಗಿ ಬರೆದುಕೊಂಡದ್ದು ನನ್ನದೇ ತಪ್ಪು.

ತುಳುವಿನಲ್ಲಿ ದಿನ ಎಣಿಸುವವರಿಗೆ ಬೇಶ ತಿಂಗಳ ಹತ್ತು, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆ, ಗಟ್ಟಿಯಾದ ಗುರುತು. ಅಂದಿಗೆ ಕೋಲ, ಯಕ್ಷಗಾನಗಳು ನಿಲ್ಲುತ್ತವೆ. ಇಂತಹ ಗುರುತುಗಳ ಪಂಚಾಂಗ ಮಾಡಿ ಮತ್ತೆ ಮನೆಮನೆಗೆ ಹೋಗುತ್ತೇನೆಂದಾಗ ಸಹೋದ್ಯೋಗಿಗಳು ನಕ್ಕು, ಗೂಗಲ್ ಫಾರ್ಮ್ ಕಳಿಸಲು ಹೇಳಿದರು. ಮೊದಲ ಮುದ್ರಣದ 2,500 ರೂಪಾಯಿ ನೀರುಪಾಲಾಯಿತು: ಹಾಳೆಯ ಅಂಚಿನಲ್ಲಿ ಇಂಗ್ಲಿಷ್ ತಾರೀಕುಗಳಿದ್ದುದರಿಂದ ಜನರು ಅದನ್ನು ನೋಡಿ ಮತ್ತೆ 15 ಎಂದೇ ಹೇಳಿದರು. ಅದಲ್ಲದೆ ಪತ್ತನಾಜೆ ಎಲ್ಲರ ಗುರುತಲ್ಲ. ಬ್ಯಾರಿ ಮನೆಗಳಿಗೆ ಶುಕ್ರವಾರಗಳೂ ಆ ವರ್ಷ ಜೂನ್‌ನಲ್ಲಿ ಬಿದ್ದ ಬಕ್ರೀದೂ ಬೇಕಾದವು. ಮಕ್ಕಳಿರುವ ಮನೆಗಳಿಗೆಲ್ಲ ಶಾಲೆ ತೆರೆದ ದಿನ ಸಾಕಾಯಿತು. ಎರಡನೆಯ ಹಾಳೆಯಲ್ಲಿ ತಾರೀಕುಗಳೇ ಇರಲಿಲ್ಲ. ಯಾವ ಪ್ರಶ್ನೆಯಿಂದ ಆರಂಭಿಸಿದರೆ ಅಜ್ಜಿಯಂದಿರ ನೆನಪು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ರೋಗ ಶುರುವಾದ ದಿನಕ್ಕೆ ದಾಖಲೆ ಇರುವುದಿಲ್ಲವಾದ್ದರಿಂದ, ರಕ್ತ ಪರೀಕ್ಷೆಗೆ ಹೋದ ದಿನವನ್ನೂ ಅದೇ ಹಾಳೆಯಲ್ಲಿ ಕೇಳಿ ಲ್ಯಾಬ್ ಚೀಟಿಯ ಜೊತೆ ಹೋಲಿಸಿದೆ. ಎರಡು ಅಳತೆಗಳು ಜೊತೆಜೊತೆಗೆ ಎಷ್ಟು ಏರಿಳಿಯುತ್ತವೆ ಎಂದು ಹೇಳುವ ಕೋರಿಲೇಷನ್ 0.9ರ ಮೇಲೆ ಬಂತೆಂದು ಬೀಗಿದ್ದೆ. ಆದರೆ ಅದು ಹೊಂದಾಣಿಕೆಯ ಅಳತೆಯಲ್ಲ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲೇ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ವಿವರಿಸಿದ್ದರು. ವ್ಯತ್ಯಾಸಗಳನ್ನೇ ಗುರುತು ಹಾಕಿದಾಗ ಎರಡೂ ಹಾಳೆಗಳ ಸುತ್ತುಗಳ ಸರಾಸರಿ ಒಂದು ದಿನದೊಳಗೇ ಇತ್ತು, ಆದರೆ ನೂರಕ್ಕೆ ಸುಮಾರು 95 ವ್ಯತ್ಯಾಸಗಳು ಬೀಳುವ ಮಿತಿಗಳು ಮೊದಲ ಸುತ್ತಿನಲ್ಲಿ ಹೆಚ್ಚುಕಡಿಮೆ 11 ದಿನ ಆಚೆ ಈಚೆ, ಎರಡನೆಯದರಲ್ಲಿ 4 ದಿನ. ಬರಿಯ ಸರಾಸರಿಯನ್ನು ನಂಬಿದ್ದರೆ ಎರಡೂ ಒಂದೇ ಎಂದುಕೊಳ್ಳುತ್ತಿದ್ದೆ. ಅದೇ ಹಾಳೆಯನ್ನು ಗರ್ಭಿಣಿಯರ ಕೊನೆಯ ಮುಟ್ಟಿನ ದಿನಕ್ಕೂ ಪ್ರಯೋಗಿಸಿ, ಮೊದಲ ತ್ರೈಮಾಸಿಕದ ಸ್ಕ್ಯಾನ್ ಜೊತೆ ಹೋಲಿಸಿದೆ. ಹತ್ತು ಹನ್ನೆರಡು ಮಂದಿಯಲ್ಲಷ್ಟೇ ನೋಡಿದ್ದರೂ ಫಲ ಆಶಾದಾಯಕವಾಗಿತ್ತು.

ಇನ್ನೊಂದು ಎಡವಟ್ಟು ಕಣ್ಣು ಹಳದಿಯಾದ ದಿನವನ್ನೇ ಆರಂಭ ಎಂದು ಹಿಡಿದದ್ದು. ಸರಾಸರಿ 28 ದಿನಗಳ ಇನ್‌ಕ್ಯುಬೇಷನ್ ಸೋಂಕು ತಗುಲಿದ ದಿನದಿಂದ ಮೊದಲ ಲಕ್ಷಣದವರೆಗಿನ ಲೆಕ್ಕ. ಹಳದಿ ಬರುವುದು ಅದಾಗಿ ಕೆಲವು ದಿನಗಳಿಗೆ. ಹಾಗಾಗಿ ಊಟ ಸೇರದಾದ ದಿನವನ್ನು ಕೇಳತೊಡಗಿದೆ. ಮನೆಯೊಳಗೆ ತಿಂಗಳ ಬಳಿಕ ಕಾಣಿಸಿಕೊಂಡ ಮೂವರು ಮನೆಯ ರೋಗಿಗಳಿಂದಲೇ ಸೋಂಕು ತಗುಲಿಸಿಕೊಂಡವರಾದ್ದರಿಂದ ಅವರನ್ನು ಲೆಕ್ಕದಿಂದ ತೆಗೆದೆ. ಉಳಿದ 44 ಮಂದಿಯಲ್ಲಿ ಮೊದಲನೆಯವರಿಗೆ ಜೂನ್ 4, ನಡುವಿನವರಿಗೆ 16, ಕೊನೆಯವರಿಗೆ ಜುಲೈ 5. ಮೊದಲನೆಯದರಿಂದ ಇನ್‌ಕ್ಯುಬೇಷನ್‌ನ ಕನಿಷ್ಠ 15 ದಿನ ಕಳೆದರೆ ಮೇ 20, ಕೊನೆಯದರಿಂದ ಗರಿಷ್ಠ 50 ಕಳೆದರೆ ಮೇ 16, ನಡುವಿನದರಿಂದ 28 ಕಳೆದರೆ ಮೇ 19. ಪತ್ತನಾಜೆಗೆ ಮುಂಚಿನ ಆ ಐದು ದಿನಗಳಲ್ಲಿ ಈ ಎಲ್ಲರೂ ಸೇರಿದ್ದು ಒಂದೇ ಮದುವೆಯಲ್ಲಿ.

ಆಮೇಲಿನದು ಸುಲಭವಾಗಿತ್ತು. ಹೋದವರ ಪಟ್ಟಿ ಮಾಡಿದಾಗ ತಣ್ಣನೆಯ ಪಾನಕ ಕುಡಿದ ಸುಮಾರು 110 ಮಂದಿಯಲ್ಲಿ 40 ಮಂದಿಗೆ, ಕುಡಿಯದ 60ರಲ್ಲಿ 4 ಮಂದಿಗೆ ಕಾಮಾಲೆ. ಅಪಾಯ ಹತ್ತಿರಹತ್ತಿರ ಐದೂವರೆ ಪಟ್ಟು. ಆಟೋ ಬಾಡಿಗೆ, ಮುದ್ರಣ, ಮನೆಮನೆಗೆ ಹೋದ ಇಬ್ಬರು ಹುಡುಗಿಯರ ದಿನಗೂಲಿ ಸೇರಿ ನನ್ನ ಜೇಬಿನಿಂದ 14,000 ರೂಪಾಯಿಯಷ್ಟು ಹೋಯಿತು. ಪಾನಕದ ನೀರು ಬಂದಿದ್ದ ಬಾವಿ ಮಾದರಿ ತೆಗೆಯುವ ಹೊತ್ತಿಗೆ ಮಳೆಯಿಂದ ತುಂಬಿಹೋಗಿತ್ತು, ಲ್ಯಾಬಿನಿಂದ ಏನೂ ತಿಳಿಯಲಿಲ್ಲ. ನಕ್ಕಿದ್ದವರಲ್ಲೊಬ್ಬರು ಆ ಕರ್ವನ್ನೇ ನೋಡಿ ಬಾವಿಗೆ ಕ್ಲೋರಿನ್ ಹಾಕಿಸಿದರು.